ಅರೂಷಾಕ್ಕೆ ಸ್ವಯಂಸೇವಕರಾಗಿ ಬಂದಿಳಿದಾಗ: ಮೊದಲ ವಾರಗಳಲ್ಲಿ ನಾನು ಅನುಸರಿಸುವ ಕ್ರಮ

ಭಾರತದಿಂದ ಬಂದವರಿಗೆ ತಾಂಜಾನಿಯಾ ಮೊದಲ ದಿನ ಅಷ್ಟೇನೂ ಹೊಸದೆನಿಸುವುದಿಲ್ಲ. ವಾಹನಗಳು ರಸ್ತೆಯ ಎಡಬದಿಗೆ ಓಡುತ್ತವೆ. ಬೀದಿಯಲ್ಲಿ ನಮ್ಮದೇ ಆಟೊ, ಅದಕ್ಕೆ ಬಜಾಜಿ ಅಂತಲೇ ಹೆಸರು. ಹೋಟೆಲಿನಲ್ಲಿ ಚಪಾತಿ, ಚಾಯ್, ಸಂಬೂಸಾ. ನಮ್ಮವರು ಎಡವುವುದು ಈ ಪರಿಚಯದ ಭಾವದಿಂದಲೇ. ಯುರೋಪಿನಿಂದ ಬಂದವರು ಪ್ರತಿಯೊಂದನ್ನೂ ಕೇಳಿ ತಿಳಿದುಕೊಳ್ಳುತ್ತಾರೆ. ನಾವು ಗೊತ್ತಿದೆ ಅಂದುಕೊಂಡು ಕೇಳುವುದೇ ಇಲ್ಲ. ಇಲ್ಲಿನ ಅರೂಷಾ ಪಟ್ಟಣದ ಕಡೆಯ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸಲು ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ಪ್ರವಾಸಿ ವೀಸಾ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದರ ಮೇಲೆ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ. ಸ್ವಯಂಸೇವಕರಿಗೆ ಬೇಕಾದದ್ದು ‘ಸಿ’ ವರ್ಗದ ವಾಸದ ಪರವಾನಗಿ. ಅದರ ಅರ್ಜಿ ಯಾರು ಹಾಕುತ್ತಾರೆ, ಶುಲ್ಕ ಯಾರದು, ಯಾವಾಗ ಕೈಗೆ ಬರುತ್ತದೆ ಎಂಬುದನ್ನು ಕರೆಸಿಕೊಳ್ಳುವ ಸಂಸ್ಥೆಯಿಂದ ಬರಹದಲ್ಲಿ ಪಡೆಯಿರಿ. ‘ಬನ್ನಿ, ಬಂದ ಮೇಲೆ ನೋಡೋಣ’ ಎನ್ನುವ ಸಂಸ್ಥೆಗೆ ಟಿಕೆಟ್ ಕಾಯ್ದಿರಿಸಬೇಡಿ.

ಹಳದಿ ಜ್ವರದ ಲಸಿಕೆಯ ವಿಷಯ ಹಲವರಿಗೆ ಗೋಜಲು. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ 12 ಗಂಟೆಗಿಂತ ಹೆಚ್ಚು ತಂಗಿ ಬಂದರೆ ತಾಂಜಾನಿಯಾದಲ್ಲಿ ಅದರ ಪ್ರಮಾಣಪತ್ರ ಕೇಳುತ್ತಾರೆ. ರಜೆಯಲ್ಲಿ ಕೀನ್ಯಾ ಸುತ್ತಿ ಅಲ್ಲಿಂದಲೇ ಊರಿಗೆ ಹೊರಟರೆ ಭಾರತದಲ್ಲೂ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚುಮದ್ದಿನ 10 ದಿನಗಳ ನಂತರ, ಹಾಗಾಗಿ ಹೊರಡುವ ವಾರ ಹಾಕಿಸಿಕೊಂಡು ಪ್ರಯೋಜನವಿಲ್ಲ. 2016ರಿಂದ ಒಂದೇ ಡೋಸ್ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಹಾಕಿಸಿದ್ದು ಮಾತ್ರ ಲೆಕ್ಕಕ್ಕೆ.

ಸಾಮಾನು ಕಟ್ಟುವಾಗ ಪ್ಲಾಸ್ಟಿಕ್ ಕೈಚೀಲಗಳನ್ನು ತೆಗೆದುಹಾಕಿ. 2019ರ ಜೂನ್ 1ರಿಂದ ಅವಕ್ಕೆ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಸಾರಿನ ಪುಡಿ, ಚಟ್ನಿಪುಡಿಗಳಿಗೆ ಬಟ್ಟೆ ಚೀಲ ಹೊಲಿಸಿಕೊಳ್ಳುವುದು ಮೇಲು.

ಮಲೇರಿಯಾ ಬಗ್ಗೆ ಊರಿನ ಅನುಭವವನ್ನು ಇಲ್ಲಿಗೆ ತರಬೇಡಿ. ಇಲ್ಲಿನದು ಬಹುಪಾಲು ಫಾಲ್ಸಿಪರಮ್ ಎಂಬ ಅಪಾಯದ ಬಗೆ, ಕ್ಲೋರೊಕ್ವಿನ್‌ಗೆ ಬಗ್ಗುವುದಿಲ್ಲ. ಊರಿನ ವೈದ್ಯರು ಹಳೆಯ ಅಭ್ಯಾಸದಿಂದ ಅದನ್ನೇ ಬರೆದರೆ, ಹೋಗುವ ದೇಶದ ಹೆಸರು ಹೇಳಿ ಮತ್ತೊಮ್ಮೆ ಕೇಳಿ. ಮಲೇರಿಯಾ ಬಾರದಂತೆ ನುಂಗುವ ಮಾತ್ರೆ ಡಾಕ್ಸಿಸೈಕ್ಲಿನ್ ಆದರೆ ದಿನಕ್ಕೆ 100 ಮಿಲಿಗ್ರಾಂ: ಹೊರಡುವುದಕ್ಕೆ ಒಂದೆರಡು ದಿನ ಮೊದಲು ಶುರು, ಮಲೇರಿಯಾ ಪ್ರದೇಶ ಬಿಟ್ಟ ಮೇಲೂ 28 ದಿನ. ಊಟದ ಜೊತೆ, ಲೋಟ ತುಂಬ ನೀರು ಕುಡಿದು ನುಂಗಬೇಕು. ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಸುಟ್ಟು ಹುಣ್ಣಾಗಬಹುದು. ಬಿಸಿಲಿಗೆ ಚರ್ಮವೂ ಬೇಗ ಸುಡುತ್ತದೆ; ಸಮಭಾಜಕಕ್ಕೆ ಹತ್ತಿರ, ಸುಮಾರು 1400 ಮೀಟರ್ ಎತ್ತರದಲ್ಲಿರುವ ಅರೂಷಾದಲ್ಲಿ ಹವೆ ತಂಪು, ಬಿಸಿಲು ಮಾತ್ರ ಕಟು. ಅಟೊವಾಕ್ವೋನ್-ಪ್ರೊಗ್ವಾನಿಲ್ ದುಬಾರಿ, ಆದರೆ ಮರಳಿದ ಮೇಲೆ 7 ದಿನ ಸಾಕು. ಎತ್ತರದಿಂದಾಗಿ ಪಟ್ಟಣದಲ್ಲಿ ಸೊಳ್ಳೆ ಕಡಿಮೆ ಎಂದು ಮಾತ್ರೆ ಬಿಡುವವರು, ವಾರದ ಕೊನೆಗೆ ತಗ್ಗಿನ ಊರಿಗೆ ಹೋಗಿ ಬಂದು ಜ್ವರ ಹಿಡಿದು ಮಲಗುತ್ತಾರೆ.

ನೀರಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಅರೂಷಾದ ಪಕ್ಕದ ಮೇರು ಪರ್ವತದ ಸುತ್ತ ಜ್ವಾಲಾಮುಖಿಯ ಕಲ್ಲು, ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ವಿಪರೀತ. ಪಾವಗಡ, ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಉಪಯೋಗವಿಲ್ಲ. ಆರ್‌ಒ, ಮೂಳೆ ಇದ್ದಿಲಿನ ಫಿಲ್ಟರ್ ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರು, ಇವುಗಳಲ್ಲಿ ಒಂದು ಬೇಕು. ಬಾಟಲಿ ನೀರಾದರೆ ಚೀಟಿಯಲ್ಲಿ ಫ್ಲೋರೈಡಿನ ಅಂಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕಾಳು ಬೇಗ ಬೇಯಲೆಂದು ಹಾಕುವ ಮಗಾದಿ ಎಂಬ ಕೆರೆಯ ಸೋಡಾದಲ್ಲೂ ಫ್ಲೋರೈಡ್ ಇರುತ್ತದೆ, ಮನೆಯಲ್ಲಿ ಅಡುಗೆ ಮಾಡುವವರು ಅದನ್ನು ಬಿಡಬಹುದು. ಕೆಲವು ತಿಂಗಳಿಗೆ ಬಂದ ದೊಡ್ಡವರ ಹಲ್ಲಿಗೆ ಕಲೆ ಕೂರುವುದಿಲ್ಲ. ಚಿಕ್ಕ ಮಕ್ಕಳನ್ನು ಕರೆತಂದವರು ಮಾತ್ರ ಮೊದಲ ದಿನದಿಂದಲೇ ಜಾಗ್ರತೆ ಮಾಡಬೇಕು. ಇನ್ನೊಂದು: ತರಗತಿಯಲ್ಲಿ ಕಂದು ಹಲ್ಲಿನ ಮಕ್ಕಳನ್ನು ಕಂಡು ‘ಹಲ್ಲುಜ್ಜುವುದರ ಮಹತ್ವ’ ಎಂದು ಪಾಠ ಶುರು ಮಾಡುವ ಸ್ವಯಂಸೇವಕರಿದ್ದಾರೆ. ಆ ಬಣ್ಣ ಬಂದದ್ದು ಬಾವಿಯಿಂದ.

ಗಡಿಯಾರದ್ದು ಬೇರೆ ಪಾಠ. ಸ್ವಾಹಿಲಿಯಲ್ಲಿ ದಿನದ ಎಣಿಕೆ ಬೆಳಗಿನ ಆರಕ್ಕೆ ಶುರು. ‘ಸಾ ಮೋಜಾ’, ಅಂದರೆ ಒಂದು ಗಂಟೆ, ನಮ್ಮ ಏಳು ಗಂಟೆ. ‘ಸಾ ಮ್ಬಿಲಿ’ ಎಂಟು. ಕೇಳಿದ ಅಂಕಿಗೆ ಆರು ಕೂಡಿಸಬೇಕು. ಇದು ಕಷ್ಟವಲ್ಲ, ಕಷ್ಟವಿರುವುದು ಇಂಗ್ಲಿಷಿನಲ್ಲಿ ಮಾತಾಡುವಾಗ: ಎದುರಿನವರು ಪರಿವರ್ತಿಸಿ ಹೇಳಿದರೋ, ಹಾಗೇ ಹೇಳಿದರೋ ತಿಳಿಯದು. ಬಸ್ ಟಿಕೆಟಿನಲ್ಲೂ ಈ ಗೊಂದಲ ಇರುತ್ತದೆ. ಸಮಯ ಗೊತ್ತುಮಾಡುವಾಗ ‘ಅಸುಬುಹಿ’ (ಬೆಳಿಗ್ಗೆ), ‘ಜಿಯೋನಿ’ (ಸಂಜೆ) ಸೇರಿಸಿ ಕೇಳಿ, ಕೈಗಡಿಯಾರದ ಮುಳ್ಳು ತೋರಿಸಿ ಖಚಿತಪಡಿಸಿಕೊಳ್ಳಿ. ವಾರವೂ ಶನಿವಾರದಿಂದ ಎಣಿಕೆ, ಹಾಗಾಗಿ ಸೋಮವಾರಕ್ಕೆ ‘ಜುಮಾಟಾಟು’, ಮೂರನೆಯ ದಿನ.

ಸಿಮ್ ಕಾರ್ಡಿಗೆ ಪಾಸ್‌ಪೋರ್ಟ್ ಜೊತೆ ಬೆರಳಚ್ಚೂ ಬೇಕು. ಬೀದಿಯಲ್ಲಿ ಬೇರೆಯವರ ಹೆಸರಲ್ಲಿ ನೋಂದಾಯಿಸಿದ್ದನ್ನು ಕೊಂಡರೆ ಮೊಬೈಲ್ ಹಣವೂ ಅವರ ಹೆಸರಲ್ಲೇ ಇರುತ್ತದೆ. ಎಂ-ಪೆಸಾದಂಥ ಖಾತೆ ಇಲ್ಲದೆ ದಿನ ದೂಡುವುದು ಕಷ್ಟ. ‘ವಕಾಲಾ’ ಎಂದು ಬರೆದ ಅಂಗಡಿಯಲ್ಲಿ ಹಣ ಹಾಕಬಹುದು, ತೆಗೆಯಬಹುದು, ತೆಗೆಯುವಾಗ ಶುಲ್ಕವಿದೆ. ಪಿನ್ ಒತ್ತುವ ಮೊದಲು ಪಡೆಯುವವರ ಹೆಸರು ಓದಿ. ಮನೆಯ ಕರೆಂಟಿಗೂ ಮುಂಗಡ ಹಣ: ಕಟ್ಟಿದ ಮೇಲೆ ಬರುವ 20 ಅಂಕಿಗಳನ್ನು ಲೂಕು ಮೀಟರಿಗೆ ಒತ್ತಬೇಕು. ಶುಕ್ರವಾರವೇ ಉಳಿದ ಯೂನಿಟ್ ನೋಡಿಕೊಳ್ಳಿ. ದೊಡ್ಡ ಮೊತ್ತಗಳಲ್ಲಿ ನಮಗೊಂದು ಅನುಕೂಲವಿದೆ, ಇಲ್ಲಿಯೂ ಒಂದು ಲಕ್ಷಕ್ಕೆ ‘ಲಾಕಿ ಮೋಜಾ’. ನೋಟುಗಳಲ್ಲಿ ದೊಡ್ಡದು 10,000 ಶಿಲಿಂಗಿನದು, ಅದಕ್ಕೆ ಚಿಲ್ಲರೆ ಹಳ್ಳಿಗಳಲ್ಲಿ ಹುಟ್ಟುವುದಿಲ್ಲ.

ಸಂತೆಯಲ್ಲಿ ಟೊಮೆಟೊ, ಈರುಳ್ಳಿಯನ್ನು ಗುಪ್ಪೆಯ ಲೆಕ್ಕದಲ್ಲಿ, ಕಾಳನ್ನು ಸಾಡೊ ಎಂಬ ನಾಲ್ಕು ಲೀಟರಿನ ಡಬ್ಬದಲ್ಲಿ ಅಳೆಯುತ್ತಾರೆ. ತೊಗರಿ ‘ಮ್ಬಾಜಿ’, ಹೆಸರುಕಾಳು ‘ಚೊರೊಕೊ’, ರಾಗಿ ‘ಉಲೆಜಿ’. ರಾಗಿ ಹಿಟ್ಟನ್ನು ಇಲ್ಲಿ ಗಂಜಿಗೆ ಬಳಸುತ್ತಾರೆ, ಮುದ್ದೆಗೂ ಆಗುತ್ತದೆ. ಶಾಲೆಯ ಮಧ್ಯಾಹ್ನದ ಊಟ ಸಾಮಾನ್ಯವಾಗಿ ಉಗಾಲಿ ಮತ್ತು ಬೀನ್ಸ್. ಉಗಾಲಿ ನೋಡಲು ಬಿಳಿ ಮುದ್ದೆಯ ಹಾಗಿದ್ದರೂ ಮೆಕ್ಕೆಜೋಳದ ಒಣ ಹಿಟ್ಟಿನದು. ನುಂಗಲು ಹೋದರೆ ಗಂಟಲಲ್ಲಿ ನಿಲ್ಲುತ್ತದೆ. ಚಿಕ್ಕ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರಲ್ಲಿ ಪಲ್ಯ ತೆಗೆದುಕೊಂಡು ಅಗಿಯಬೇಕು. ಸಸ್ಯಾಹಾರಿಗಳು ‘ಸಿಲಿ ನ್ಯಾಮಾ ವಲಾ ಸಮಾಕಿ’ (ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ) ಎಂದು ಎರಡನ್ನೂ ಹೇಳಬೇಕು, ಮಾಂಸವೊಂದನ್ನೇ ಹೇಳಿದರೆ ಒಣಮೀನು ಬರಬಹುದು. ಪಿಲಾವಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಬರಿ ಅನ್ನ ಬೇಕಾದರೆ ‘ವಲಿ’ ಕೇಳಿ.

ಶಾಲೆಗೆ ಹೋದ ದಿನ ನೇರವಾಗಿ ತರಗತಿಗೆ ನಡೆಯಬೇಡಿ. ಮುಖ್ಯೋಪಾಧ್ಯಾಯರ ಕೊಠಡಿ, ಅಲ್ಲಿನ ಅತಿಥಿಗಳ ಪುಸ್ತಕದಲ್ಲಿ ಸಹಿ, ಆಮೇಲೆ ಶಿಕ್ಷಕರ ಕೊಠಡಿಯಲ್ಲಿ ಒಬ್ಬೊಬ್ಬರಿಗೂ ನಮಸ್ಕಾರ. ಹಿರಿಯರಿಗೆ ‘ಶಿಕಾಮೂ’ ಎನ್ನಬೇಕು, ಅವರು ‘ಮರಹಬಾ’ ಎನ್ನುತ್ತಾರೆ. ನಾವು ಊರಿನಲ್ಲಿ ತಲೆಯಾಡಿಸಿ ನೇರ ಕೆಲಸದ ಮಾತಿಗೆ ಇಳಿಯುವುದುಂಟು. ಇಲ್ಲಿ ಮನೆ, ಕೆಲಸ, ಆರೋಗ್ಯ ವಿಚಾರಿಸದೆ ಸೀಮೆಸುಣ್ಣ ಕೇಳಿದರೂ ಒರಟೆನಿಸುತ್ತದೆ. ನಿಮ್ಮನ್ನು ‘ಮ್ಹಿಂದಿ’ ಎಂದು ಕರೆಯುತ್ತಾರೆ, ಅಂಗಡಿ ಎಲ್ಲಿದೆ ಅಂತಲೂ ಕೇಳಬಹುದು. ಇಲ್ಲಿ ತಲೆಮಾರುಗಳಿಂದಿರುವ ಭಾರತೀಯ ಮೂಲದವರಲ್ಲಿ ವ್ಯಾಪಾರಿಗಳು ಹೆಚ್ಚು, ಅದಕ್ಕೇ ಆ ಪ್ರಶ್ನೆ.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸ್ವಾಹಿಲಿ ಮಾಧ್ಯಮ. ಅಲ್ಲಿ ಓದಿದ ಮಗು ಫಾರ್ಮ್ ಒಂದಕ್ಕೆ (ಪ್ರೌಢಶಾಲೆಯ ಮೊದಲ ತರಗತಿಗೆ) ಬಂದ ದಿನದಿಂದ ಪಾಠವೆಲ್ಲ ಇಂಗ್ಲಿಷ್. ಮಕ್ಕಳು ಸುಮ್ಮನೆ ಕೂತರೆ ಗಣಿತ ಬರುವುದಿಲ್ಲ ಎಂದು ಭಾವಿಸಬೇಡಿ, ಬಹಳ ಸಲ ತಡೆಯುವುದು ಪ್ರಶ್ನೆಯ ವಾಕ್ಯ. ‘ಮ್ಮೆಎಲೆವಾ?’ (ತಿಳಿಯಿತಾ?) ಎಂದು ಕೇಳಿದರೆ ಇಡೀ ತರಗತಿ ‘ನ್ದಿಯೋ’ ಎನ್ನುತ್ತದೆ, ಅದರಿಂದ ಏನೂ ಗೊತ್ತಾಗದು. ನಾನು ಹೀಗೆ ಮಾಡುತ್ತೇನೆ: ಒಂದು ಪಾಠಕ್ಕೆ ಹೊಸ ಇಂಗ್ಲಿಷ್ ಪದ ಐದಕ್ಕಿಂತ ಹೆಚ್ಚಿಲ್ಲ, ಅವನ್ನು ಕಪ್ಪುಹಲಗೆಯ ಬಲ ಅಂಚಿನಲ್ಲಿ ಬರೆದು ಕೊನೆಯವರೆಗೂ ಅಳಿಸುವುದಿಲ್ಲ. ಒಂದು ಲೆಕ್ಕ ಮಾಡಿ ತೋರಿಸಿ, ಎರಡನೆಯದನ್ನು ಅಕ್ಕಪಕ್ಕದವರು ಸ್ವಾಹಿಲಿಯಲ್ಲೇ ಚರ್ಚಿಸಲು ಬಿಟ್ಟು, ಮೂರನೆಯದನ್ನು ಒಬ್ಬರನ್ನು ಕರೆದು ಹಲಗೆಯ ಮೇಲೆ ಮಾಡಿಸುತ್ತೇನೆ. ಮೊದಲ ವಾರ ಮಾತ್ರ ಪಾಠ ಮಾಡದೆ ಸ್ಥಳೀಯ ಶಿಕ್ಷಕರ ತರಗತಿಯಲ್ಲಿ ಹಿಂದೆ ಕೂರುವುದೇ ಸರಿ, ಪಠ್ಯಕ್ರಮದ ಪ್ರತಿ ಕೈಯಲ್ಲಿಟ್ಟುಕೊಂಡು. ಶಾಲಾ ವರ್ಷ ಜನವರಿಯಲ್ಲಿ ಶುರು. ನಮ್ಮ ಬೇಸಿಗೆ ರಜೆಯ ಲೆಕ್ಕ ಹಿಡಿದು ಮೇ ಕೊನೆಗೆ ಬಂದಿಳಿದರೆ, ಜೂನ್ ರಜೆಗೆ ಬಾಗಿಲು ಹಾಕುವ ಶಾಲೆ ಕಾಣುತ್ತದೆ.