ತರವಾಡು ಮನೆಯ ಚರಿತ್ರೆ: ಫೈಲಿನಿಂದ ಪುಸ್ತಕದವರೆಗೆ

ಮನೆತನದ ಚರಿತ್ರೆ ಹುಡುಕುವವರು ಉಡುಪಿ, ಮಂಗಳೂರು ಕಡೆ ತುಂಬಾ ಜನ ಇದ್ದಾರೆ. ಹೆಚ್ಚಿನವರ ಹತ್ತಿರ ಒಂದು ದಪ್ಪ ಫೈಲ್ ಇರುತ್ತದೆ, ನಾಲ್ಕಾರು ನೋಟ್‌ಬುಕ್ ಇರುತ್ತವೆ, ಮೊಬೈಲ್ ತುಂಬಾ ಹಳೆ ಫೋಟೋ. ಪುಸ್ತಕ ಮಾತ್ರ ಆಗುವುದಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಎಂದು ಮೊದಲೇ ತೀರ್ಮಾನ ಮಾಡಿರುವುದಿಲ್ಲ, ಅದೇ ಮುಖ್ಯ ಕಾರಣ. ಕಾಪು ಕಡೆಯ ನಮ್ಮ ತರವಾಡು ಮನೆಯ, ಅಂದರೆ ಮನೆತನದ ಮೂಲಮನೆಯ, ಪುಸ್ತಕಕ್ಕೆ ಕೂತಾಗ ನಾನು ಮೊದಲು ಗಡಿ ಹಾಕಿಕೊಂಡೆ. ಹೆಸರು ಗೊತ್ತಿರುವ ಅತ್ಯಂತ ಹಿರಿಯ ಅಜ್ಜಿಯಿಂದ ಶುರು. 1974ರ ಭೂಸುಧಾರಣೆಗೆ ಮುಕ್ತಾಯ. ಆಮೇಲಿನವರ ಹೆಸರು ವಂಶಾವಳಿಯಲ್ಲಿ ಬರುತ್ತದೆ, ಕಥೆ ಬರುವುದಿಲ್ಲ. ಕೆಲವರಿಗೆ ಇದು ಹಿಡಿಸಲಿಲ್ಲ. ಆದರೆ ಈ ಗಡಿ ಇಲ್ಲದಿದ್ದರೆ ಪುಸ್ತಕ ಇವತ್ತಿಗೂ ಫೈಲಿನಲ್ಲೇ ಇರುತ್ತಿತ್ತು.

ನಮ್ಮದು ಅಳಿಯಸಂತಾನ. ಮನೆ ತಾಯಿಯ ಕಡೆಯಿಂದ ಸಾಗುತ್ತದೆ, ಹಾಗಾಗಿ ವಂಶಾವಳಿಯೂ ಅಜ್ಜಿಯಿಂದಲೇ ಹೊರಡಬೇಕು. ಹೆಸರುಗಳನ್ನು ತುಂಬಿಸಲು ಗ್ರಾಂಪ್ಸ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿದೆ. ಒಳ್ಳೆಯದೇ. ಆದರೆ ಒಬ್ಬ ಅಜ್ಜಿಯ ಸಂತತಿ ಕೇಳಿದರೆ ಅದು ಗಂಡುಮಕ್ಕಳ ಮಕ್ಕಳನ್ನೂ ಸೇರಿಸಿ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಅವರು ಅವರ ತಾಯಿಯ ಮನೆಯವರು. ಅವರನ್ನು ಬಿಟ್ಟುಬಿಡಿ ಎಂದು ಹಿರಿಯರು ಹೇಳಿದರು. ನಾನು ಬಿಡಲಿಲ್ಲ. ಮಗನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಂಡತಿ, ಮಕ್ಕಳು, ಆ ತಾಯಿಯ ಮನೆಯ ಹೆಸರು ಹಾಕಿ ಗೆರೆಯನ್ನು ಅಲ್ಲಿಗೆ ನಿಲ್ಲಿಸಿದೆ. ಅವರೂ ಈ ಅಂಗಳದಲ್ಲಿ ಆಡಿ ಬೆಳೆದವರೇ ಅಲ್ವಾ?

ದಾಖಲೆ ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕ್ರೈಸ್ತ ಗೆಳೆಯರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರ್‌ಗಳಿವೆ. ನಮ್ಮಂಥವರಿಗೆ ಜಮೀನಿನ ಕಾಗದವೇ ಗತಿ. ಅದರಲ್ಲೂ ಪಾಲುಪತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಒಂದೊಂದು ಕವರಿನವರಿಗೂ, ಅಂದರೆ ಒಬ್ಬ ತಾಯಿ ಮತ್ತು ಹೆಣ್ಣುಮಕ್ಕಳ ಮೂಲಕ ಅವಳಿಂದ ಇಳಿದು ಬಂದವರಿಗೆ, ಪಾಲು ಕೇಳುವ ದಾರಿ ತೆರೆಯಿತು. ನಮ್ಮ ಮನೆಯ ಪಾಲುಪತ್ರದಲ್ಲಿ ಅಂದು ಬದುಕಿದ್ದ ಪ್ರತಿಯೊಬ್ಬರ ಹೆಸರೂ ಇದೆ, ವಯಸ್ಸೂ ಇದೆ, ತೊಟ್ಟಿಲ ಮಗುವಿನದ್ದು ಕೂಡ. ಯಾರ ಬಾಯಲ್ಲೂ ಉಳಿಯದೆ ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳ ಹೆಸರು ನನಗೆ ಸಿಕ್ಕಿದ್ದು ಅಲ್ಲೇ. ಮನೆಯಲ್ಲಿ ಮೂಲ ಪತ್ರ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ನಕಲು ತೆಗೆಸಬಹುದು. ವರ್ಷ, ಗ್ರಾಮ, ಯಾರಾದರೂ ಒಬ್ಬರ ಹೆಸರು ಗೊತ್ತಿದ್ದರೆ ಹುಡುಕುವುದು ಸುಲಭ. ಚಕ್ಕುಬಂದಿಯನ್ನೂ, ಅಂದರೆ ಜಮೀನಿನ ನಾಲ್ಕು ಕಡೆಯ ಗಡಿಯ ವಿವರವನ್ನೂ, ಗಮನವಿಟ್ಟು ಓದಿ. ಪಕ್ಕದ ಜಮೀನಿನವರ ಹೆಸರು, ತೋಡು, ಬನ, ದಾರಿ ಎಲ್ಲಾ ಅಲ್ಲಿರುತ್ತವೆ. ಇನ್ನೂ ಹಿಂದಕ್ಕೆ ಹೋಗಬೇಕು ಅನ್ನುವವರು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದ ಕಡೆ ನೋಡಬೇಕು, ಯಾಕೆಂದರೆ 1956ರ ನವೆಂಬರ್‌ವರೆಗೆ ನಮ್ಮ ಜಿಲ್ಲೆ ಮದ್ರಾಸಿಗೇ ಸೇರಿತ್ತು.

ಹುಟ್ಟಿದ ವರ್ಷ ಹಿಡಿಯುವುದು ಬೇರೆಯೇ ಕೆಲಸ. ಹಿರಿಯರು ಇಸವಿ ಹೇಳುವುದಿಲ್ಲ. ಯಾವ ಮಠದ ಪರ್ಯಾಯ, ಯಾವ ಸಂವತ್ಸರ, ಯಾವ ನೆರೆ ಎಂದು ಹೇಳುತ್ತಾರೆ. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ಅಷ್ಟು ನಿಖರವಾದ ಲೆಕ್ಕ ಬೇರೆ ಇಲ್ಲ. ನಮ್ಮ ದೊಡ್ಡಮ್ಮ ಒಬ್ಬರು ತಾನು ಹುಟ್ಟಿದ್ದು ಕೃಷ್ಣಾಪುರ ಪರ್ಯಾಯದಲ್ಲಿ, ಚಿತ್ರಭಾನು ಸಂವತ್ಸರದ ಆಟಿ ತಿಂಗಳು ಎಂದರು. ಪರ್ಯಾಯ ಎಂದರೆ ಉಡುಪಿಯ ಎಂಟು ಮಠಗಳಿಗೆ ಕೃಷ್ಣನ ಪೂಜೆ ಸರದಿಯಲ್ಲಿ ಬರುವುದು, ಒಂದು ಮಠದ ಸರದಿ 16 ವರ್ಷಕ್ಕೊಮ್ಮೆ ಬಂದು ಎರಡು ವರ್ಷ ಇರುತ್ತದೆ. ಕೃಷ್ಣಾಪುರದ್ದು 2022ರಲ್ಲಿ ಬಂದಿತ್ತು, ಹಿಂದಕ್ಕೆ ಎಣಿಸಿದರೆ 2006, 1990, 1974, 1958, 1942, 1926. ಸಂವತ್ಸರ ತಿರುಗಿ ಬರುವುದು 60 ವರ್ಷಕ್ಕೊಮ್ಮೆ. ಪ್ರಭವ 1927ರಲ್ಲಿ, ಅಲ್ಲಿಂದ ಹದಿನಾರನೆಯದ್ದು ಚಿತ್ರಭಾನು, ಅಂದರೆ 1942. ಎರಡೂ ಕೂಡಿದವು. ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಶಾಲೆಯ ದಾಖಲೆಯಲ್ಲಿ ಅವರ ವರ್ಷ ಬೇರೆ ಇದೆ. ನಾನು ದೊಡ್ಡಮ್ಮನ ಲೆಕ್ಕವನ್ನೇ ಅಚ್ಚು ಹಾಕಿ, ಅದು ಹೇಗೆ ಬಂತು ಎಂದು ಅಡಿಟಿಪ್ಪಣಿ ಕೊಟ್ಟೆ. ಹೀಗೆಯೇ 1923ರ ನೇತ್ರಾವತಿ ನೆರೆ, 1974ರ ನೆರೆ ಬಂಟ್ವಾಳದ ಕಡೆಯ ನೆಂಟರಿಗೆಲ್ಲ ದೊಡ್ಡ ಗುರುತು.

1974 ಎಂದಾಗ ಒಂದು ಮಾತು ಹೇಳಲೇಬೇಕು. ಆ ವರ್ಷದ ಭೂಸುಧಾರಣೆಯಲ್ಲಿ ಗೇಣಿದಾರರು ಡಿಕ್ಲರೇಶನ್ (ಜಮೀನಿನ ಹಕ್ಕು ಕೇಳುವ ಅರ್ಜಿ) ಕೊಟ್ಟು, ಉಳುತ್ತಿದ್ದ ಜಮೀನಿಗೆ ತಾವೇ ಒಡೆಯರಾದರು. ನಮ್ಮ ಕಡೆಯ ಕುಟುಂಬದ ಪುಸ್ತಕಗಳಲ್ಲಿ ಇದು 'ಭೂಮಿ ಹೋಯಿತು' ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನನಗೆ ಅದು ಸರಿ ಕಾಣಲಿಲ್ಲ. ಎಷ್ಟೋ ತಲೆಮಾರು ಅದೇ ಗದ್ದೆಯಲ್ಲಿ ದುಡಿದು ಮುಡಿ ಅಕ್ಕಿ ಅಳೆದು ಕೊಟ್ಟವರ ಮಕ್ಕಳು ಇವತ್ತೂ ಪಕ್ಕದಲ್ಲೇ ಇದ್ದಾರೆ. ಅವರ ಮನೆಗಳಿಗೆ ಹೋಗಿ ಕೂತೆ. ನಮ್ಮ ಯಜಮಾನರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಹೇಳದ ವಿಷಯಗಳನ್ನು ಅವರು ಹೇಳಿದರು, ಕೆಲವು ಒಳ್ಳೆಯವು, ಕೆಲವು ಕೇಳಲು ಕಷ್ಟವಾದವು. ಅವರ ಒಪ್ಪಿಗೆ ತೆಗೆದುಕೊಂಡು, ಅವರ ಮಾತಿನಲ್ಲೇ ಒಂದು ಅಧ್ಯಾಯ ಮಾಡಿದೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಅದೇ.

ಬರೆಯುವಾಗ ತಲೆಮಾರಿನ ಪ್ರಕಾರ ಹೋಗಲಿಲ್ಲ, ಕವರಿಗೊಂದು ಅಧ್ಯಾಯ ಮಾಡಿದೆ. ಇದರಿಂದ ಒಂದು ಲಾಭ ಇದೆ. ಆಯಾ ಅಧ್ಯಾಯವನ್ನು ಮಾತ್ರ ಪ್ರಿಂಟ್ ತೆಗೆದು, ತಪ್ಪಿದ್ದರೆ ತಿದ್ದಲು ಆ ಕವರಿನವರ ಕೈಗೆ ಕೊಡಬಹುದು. ಇಡೀ ಪುಸ್ತಕ ಕೊಟ್ಟರೆ ಯಾರೂ ಓದುವುದಿಲ್ಲ, ತಮ್ಮ ಹೆಸರು ಇರುವ ಇಪ್ಪತ್ತು ಪುಟ ಕೊಟ್ಟರೆ ರಾತ್ರಿಯೇ ಓದಿ ಫೋನ್ ಮಾಡುತ್ತಾರೆ. ದೊಡ್ಡ ಅಕ್ಷರದಲ್ಲಿ, ಬದಿಯಲ್ಲಿ ಬರೆಯಲು ಜಾಗ ಬಿಟ್ಟು ಕೊಡಿ. ಮುಂಬೈಯಲ್ಲಿ ಹೋಟೆಲ್ ನಡೆಸುವ ನೆಂಟರು ಕನ್ನಡ ಮಾತಾಡುತ್ತಾರೆ, ಅವರ ಮಕ್ಕಳಿಗೆ ಓದಲು ಬರುವುದಿಲ್ಲ. ಅವರಿಗೆ ಅಧ್ಯಾಯವನ್ನು ಓದಿ ರೆಕಾರ್ಡ್ ಮಾಡಿ ಕಳಿಸಿದೆ. ತಿದ್ದುಪಡಿಗೆ ಕೊನೆಯ ದಿನ ಹೇಳಿ, ಅದಕ್ಕೆ ಗಟ್ಟಿಯಾಗಿ ನಿಲ್ಲಿ. ಪಾಲಿನ ಜಗಳ, ಎರಡನೇ ಮದುವೆ, ಕೋರ್ಟು ಇಂಥವು ಬಂದಾಗ ನಾನು ಇಟ್ಟುಕೊಂಡ ನಿಯಮ ಇಷ್ಟು: ನೋಂದಾಯಿತ ಕಾಗದದಲ್ಲಿ ಇರುವುದನ್ನು ಬರೆಯುತ್ತೇನೆ, ಯಾರ ತಪ್ಪು ಎಂದು ಬರೆಯುವುದಿಲ್ಲ. ಬದುಕಿರುವವರ ಹುಟ್ಟಿದ ತಾರೀಕು, ಫೋನ್ ನಂಬರ್ ಹಾಕಲಿಲ್ಲ. ತಾಯಿಯ ಹೆಸರು, ಹುಟ್ಟಿದ ದಿನ ಎರಡೂ ಒಂದೇ ಪುಟದಲ್ಲಿ ಸಿಕ್ಕಿದರೆ ಬ್ಯಾಂಕಿನ ಹೆಸರಲ್ಲಿ ಮೋಸ ಮಾಡುವವರಿಗೆ ಅಷ್ಟು ಸಾಕು.

ಇನ್ನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ. ಯುನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಹಳೆಯ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ವಾಕ್ಯದಲ್ಲಿ ಕೆಟ್ಟರೆ ಕಣ್ಣಿಗೆ ಬೀಳುತ್ತದೆ. ಹೆಸರಿನಲ್ಲಿ ಕೆಟ್ಟರೆ ಮನೆಯವರಿಗೆ ಮಾತ್ರ ಗೊತ್ತಾಗುತ್ತದೆ. ಅದಕ್ಕೆ ಹೆಸರುಗಳ ಪಟ್ಟಿಯನ್ನೇ ಬೇರೆ ಮಾಡಿ, ಒಬ್ಬರು ಓದಿ ಇನ್ನೊಬ್ಬರು ಪ್ರೂಫಿನಲ್ಲಿ ಟಿಕ್ ಹಾಕುವುದು ಒಳ್ಳೆಯದು. ಕೊನೆಗೆ ಅದೇ ಪಟ್ಟಿ ಪುಟ ಸಂಖ್ಯೆಯೊಂದಿಗೆ ಹೆಸರಿನ ಸೂಚಿ ಆಗುತ್ತದೆ. ಸೂಚಿ ಇಲ್ಲದ ಕುಟುಂಬದ ಪುಸ್ತಕ ಬಾಗಿಲಿಲ್ಲದ ಮನೆ.

ಸೈಜು ಡೆಮಿ 1/8 ಸಾಕು. ಪ್ರೆಸ್ಸಿನಲ್ಲಿ 16 ಪುಟಕ್ಕೆ ಒಂದು ಫಾರ್ಮ್ ಲೆಕ್ಕ, ಹಾಗಾಗಿ ಒಟ್ಟು ಪುಟ ಆ ಲೆಕ್ಕಕ್ಕೆ ಹೊಂದಿಕೊಂಡರೆ ಕಾಗದ ಹಾಳಾಗುವುದಿಲ್ಲ. ಹಳೆ ಫೋಟೋ ಮೊಬೈಲಿನಲ್ಲಿ ಹೊಡೆದದ್ದು ಬೇಡ, ಸ್ಕ್ಯಾನರಿನಲ್ಲಿ 600 ಡಿಪಿಐಗೆ ತೆಗೆಯಿರಿ. ಎಲ್ಲಾ ಫೋಟೋಗಳನ್ನು ಒಂದೇ ಫಾರ್ಮಿಗೆ ಸೇರಿಸಿ ಆರ್ಟ್ ಪೇಪರಿನಲ್ಲಿ ಹಾಕಿಸಿದರೆ ಖರ್ಚು ಕಡಿಮೆ. ಬೈಂಡಿಂಗಿಗೆ ಬರೀ ಗಮ್ ಬೇಡ. ನಮ್ಮ ಕರಾವಳಿಯ ತೇವಕ್ಕೆ ಹಾಳೆ ಬಿಡುತ್ತದೆ, ಹೊಲಿಗೆ ಹಾಕಿಸಿ. ಮಳೆಗಾಲದಲ್ಲಿ ಪ್ರಿಂಟಿಗೆ ಕೊಡಬೇಡಿ, ರಕ್ಷಾಪುಟ ಸುರುಳಿಯಾಗುತ್ತದೆ. ಮೇ ತಿಂಗಳಲ್ಲಿ ಮುಂಬೈಯವರೂ ಊರಲ್ಲಿರುತ್ತಾರೆ, ಬಿಡುಗಡೆಗೆ ಅದೇ ಸರಿ. ಹಣ ಕೊಟ್ಟವರಿಗೆ ಜಾಸ್ತಿ ಪುಟ ಎಂಬ ಮಾತು ಬಂದರೆ ಒಪ್ಪಲೇಬೇಡಿ. ನಾನು ಹಣ ಕೊಟ್ಟವರ ಹೆಸರನ್ನು ಮೊತ್ತ ಹಾಕದೆ ಕೊನೆಯಲ್ಲಿ ಅಕಾರಾದಿಯಾಗಿ ಹಾಕಿದೆ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಮೊದಲ ಪ್ರೂಫ್ ಬಂದಾಗಲೇ ಹಾಕಿಬಿಡಿ. 1954ರ ಕಾಯ್ದೆಯಂತೆ ಪ್ರಕಾಶಕರು 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ನೀವೇ ಪ್ರಕಾಶಕರಾದರೆ ಅದು ನಿಮ್ಮ ಕೆಲಸ. ಅದರ ಜೊತೆಗೆ ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನಾ ಕೇಂದ್ರಕ್ಕೆ, ಮಂಗಳೂರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕೊಡಿ. ಯುನಿಕೋಡ್ ಫೈಲ್, ಸ್ಕ್ಯಾನ್ ಮಾಡಿದ ಕಾಗದ, ರೆಕಾರ್ಡಿಂಗ್ ಮೂರನ್ನೂ ಬೇರೆ ಬೇರೆ ಕವರಿನ ಮೂವರ ಹತ್ತಿರ ಇಡಿ, ಅವರಲ್ಲಿ ಒಬ್ಬರಾದರೂ ಮೂವತ್ತು ವರ್ಷದೊಳಗಿನವರಿರಲಿ.