ಎತ್ತರದ ಹುಡುಗರಿಗೆ ಆಟ ಕಲಿಸಲು ನಾನು ರಿಕ್ ಸ್ಮಿಟ್ಸ್‌ನನ್ನು ಹಿಡಿದುಕೊಂಡ ಬಗೆ

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಆಟ ಅಂದರೆ ಫುಟ್‌ಬಾಲ್. ಊರಿನ ಫುಟ್‌ಬಾಲ್ ಕ್ಲಬ್ ಪಿಎಸ್‌ವಿಯ ಪಂದ್ಯವಿದ್ದ ದಿನ ಸ್ಟೇಡಿಯಂ ಸುತ್ತಮುತ್ತ ಸೈಕಲ್ ತಳ್ಳಿಕೊಂಡು ಹೋಗುವುದೂ ಕಷ್ಟ. ನಮ್ಮ ಬ್ಯಾಸ್ಕೆಟ್‌ಬಾಲ್ ಹಾಲಿಗೆ ಬರುವವರೆಂದರೆ ಆಡುವ ಹುಡುಗರ ಅಪ್ಪ ಅಮ್ಮ, ತಪ್ಪಿದರೆ ಯಾರದೋ ಅಜ್ಜಿ. ಆದರೂ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದೇ ತಂಡಕ್ಕೆ 12 ಸೀಸನ್ ಆಡಿದ ಸೆಂಟರ್ ಆಟಗಾರ (ರಿಂಗಿನ ಹತ್ತಿರ ಆಡುವ ಉದ್ದನೆಯವನು) ಹುಟ್ಟಿದ್ದು ಇದೇ ಊರಲ್ಲಿ, 1966ರಲ್ಲಿ. ರಿಕ್ ಸ್ಮಿಟ್ಸ್. ಎತ್ತರ 2.24 ಮೀಟರ್, ನಮ್ಮ ಲೆಕ್ಕದಲ್ಲಿ ಏಳಡಿ ನಾಲ್ಕಂಗುಲ. ನನ್ನ ತಂಡದ ಹುಡುಗರಿಗೆ ಅವನ ಹೆಸರು ಗೊತ್ತಿತ್ತು, ಎತ್ತರ ಗೊತ್ತಿತ್ತು. ಅವನು ಹೇಗೆ ಆಡುತ್ತಿದ್ದ ಅಂತ ಒಬ್ಬನಿಗೂ ಗೊತ್ತಿರಲಿಲ್ಲ.

ನಾನು ಕೋಚ್ ಆದದ್ದು ಕನಸು ಕಂಡೇನಲ್ಲ. ಇಲ್ಲಿ ಮಕ್ಕಳ ಆಟ ನಡೆಯುವುದು ಶಾಲೆಗಿಂತ ಹೆಚ್ಚಾಗಿ ಕ್ಲಬ್ಬುಗಳಲ್ಲಿ. ಕ್ಲಬ್ಬು ನಡೆಯುವುದು ಸಂಬಳವಿಲ್ಲದೆ ದುಡಿಯುವವರಿಂದ. ಮಗ ಸೇರಿದ ಅಂದರೆ ಅಪ್ಪ ಸ್ಕೋರ್ ಟೇಬಲ್ಲಿಗೆ ಕೂರಬೇಕು, ಪರವೂರಿನ ಪಂದ್ಯಕ್ಕೆ ಕಾರು ಓಡಿಸಬೇಕು, ಇಲ್ಲವೇ ಸೀಟಿ ಹಿಡಿಯಬೇಕು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಕಾಲೇಜು ತಂಡದಲ್ಲಿದ್ದೆ ಅಂತ ಬಾಯಿಬಿಟ್ಟಿದ್ದೇ ತಡ, 16ರೊಳಗಿನ ಹುಡುಗರ ತಂಡ ನನ್ನ ಕೊರಳಿಗೆ ಬಿತ್ತು. ಆಗ ನಾನು ಆಡುತ್ತಿದ್ದದ್ದು ಗಾರ್ಡ್ ಜಾಗದಲ್ಲಿ, ಅಂದರೆ ರಿಂಗಿನಿಂದ ದೂರ ನಿಂತು ಚೆಂಡು ನಡೆಸುವ ಜಾಗ. ನನ್ನ ಎತ್ತರ ಐದಡಿ ಏಳಂಗುಲ. ಡಚ್ ಗಂಡಸರ ಸರಾಸರಿಯೇ ಸುಮಾರು 183 ಸೆಂಟಿಮೀಟರ್ ಇರುವ ದೇಶ ಇದು. ತಂಡದಲ್ಲಿದ್ದ ಉದ್ದನೆಯ ಹುಡುಗರು ನನ್ನ ತಲೆಯ ಮೇಲಿಂದ ಗಡಿಯಾರ ನೋಡುತ್ತಿದ್ದರು. ರಿಂಗಿಗೆ ಬೆನ್ನು ಹಾಕಿ ಆಡುವ ಆಟ ನಾನು ಎಂದೂ ಆಡಿದವನಲ್ಲ. ಅದಕ್ಕೇ ರಾತ್ರಿ ಊಟ ಮುಗಿಸಿ ಸ್ಮಿಟ್ಸ್‌ನ ಹಳೆಯ ಪಂದ್ಯಗಳನ್ನು ಹಾಕಿಕೊಂಡು, ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಪಾದ ಎಲ್ಲಿಟ್ಟ, ಚೆಂಡು ಎಷ್ಟು ಮೇಲೆ ಹಿಡಿದ ಅಂತ ಬರೆದುಕೊಳ್ಳತೊಡಗಿದೆ.

ಅವನ ಕಥೆಯಲ್ಲಿ ಅಪ್ಪ ಅಮ್ಮಂದಿರಿಗೆ ಹಿಡಿಸುವ ಭಾಗವೆಂದರೆ ತಡವಾಗಿ ಶುರುಮಾಡಿದ್ದು. 14ರ ಸುಮಾರಿಗೆ ಚೆಂಡು ಹಿಡಿದವನು 1984ರಲ್ಲಿ ಅಮೆರಿಕದ ಪೊಕಿಪ್ಸಿಯಲ್ಲಿರುವ ಮ್ಯಾರಿಸ್ಟ್ ಕಾಲೇಜಿಗೆ ಹೋದ. ಹಡ್ಸನ್ ನದಿಯ ದಂಡೆಯ ಸಣ್ಣ ಕಾಲೇಜು ಅದು. 1988ರ ಡ್ರಾಫ್ಟಿನಲ್ಲಿ (ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಇಂಡಿಯಾನಾ ಪೇಸರ್ಸ್ ಅವನನ್ನು ಎರಡನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಅವನಿಗಿಂತ ಮೊದಲು ಹೋದವನು ಡ್ಯಾನಿ ಮ್ಯಾನಿಂಗ್ ಒಬ್ಬನೇ. ಪೇಸರ್ಸ್‌ನ ಸೆಂಟರ್ ಸ್ಟೀವ್ ಸ್ಟಿಪನೊವಿಚ್ ಮಂಡಿ ನೋವಿನಿಂದ ಮತ್ತೆ ಆಡಲೇ ಇಲ್ಲ. ಹೀಗಾಗಿ ಬೆಂಚಿನ ಮೇಲೆ ಕೂತು ನಿಧಾನವಾಗಿ ಕಲಿಯಬೇಕಿದ್ದವನು ಮೊದಲ ವರ್ಷವೇ ಕೋರ್ಟಿಗಿಳಿಯಬೇಕಾಯಿತು. “ನಮ್ಮವನಿಗೆ ಆಗಲೇ 14 ತುಂಬಿತು, ಇನ್ನು ಶುರುಮಾಡಿ ಏನುಪಯೋಗ?” ಅನ್ನುವವರಿಗೆ ನಾನು ಇಷ್ಟು ಹೇಳುತ್ತೇನೆ. 2.24 ಮೀಟರಿನ ವಿಷಯ ಅವರೇ ನೆನಪಿಸಿಕೊಳ್ಳಲಿ ಅಂತ ಬಿಟ್ಟುಬಿಡುತ್ತೇನೆ.

ಅಮೆರಿಕದಲ್ಲಿ ಅವನಿಗೆ ಕೊಟ್ಟ ಅಡ್ಡಹೆಸರು ‘ಡಂಕಿಂಗ್ ಡಚ್‌ಮನ್’, ಡಂಕ್ ಹೊಡೆಯುವ ಡಚ್ಚ ಅಂತ. ಡಂಕ್ ಅಂದರೆ ಹಾರಿ ಚೆಂಡನ್ನು ಮೇಲಿಂದ ರಿಂಗಿನೊಳಗೆ ತುರುಕುವುದು. ಪ್ರಾಸಕ್ಕೆ ಹುಟ್ಟಿದ ಹೆಸರು. ಪಂದ್ಯ ನೋಡಿದರೆ ಬೇರೆಯೇ ಕಾಣುತ್ತದೆ. ಅವನ ಬಂಡವಾಳ ಮೆತ್ತನೆಯ ಕೈ. ರಿಂಗಿನಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ ಚೆಂಡು ಹಿಡಿದು, ಭುಜ ತಿರುಗಿಸಿ, ಎದುರಿಗಿದ್ದವನ ಕೈಗೆ ಎಟುಕದಷ್ಟು ಮೇಲಿಂದ ನಯವಾಗಿ ಬಿಟ್ಟುಬಿಡುವ ಶಾಟ್. 1995-96ರಲ್ಲಿ ಪಂದ್ಯಕ್ಕೆ 18.5 ಪಾಯಿಂಟ್ ಗಳಿಸಿದ್ದು ಬಹುಪಾಲು ಹೀಗೆಯೇ. ಇದನ್ನು ಕಂಡಮೇಲೆ ನನ್ನ ಅಭ್ಯಾಸದಲ್ಲಿ ಡಂಕ್ ನಿಲ್ಲಿಸಿದೆ. ಹುಡುಗರು ಮುಖ ಊದಿಸಿಕೊಂಡರು, ಒಬ್ಬ ಎರಡು ವಾರ ಬರಲೇ ಇಲ್ಲ. ಡಂಕಿನ ಬದಲು ಮೈಕನ್ ಡ್ರಿಲ್: ರಿಂಗಿನ ಕೆಳಗೆ ನಿಂತು ಬಲಗೈಯಿಂದ ಒಂದು, ಎಡಗೈಯಿಂದ ಒಂದು, ಚೆಂಡು ಗಲ್ಲದಿಂದ ಕೆಳಗೆ ಇಳಿಯಕೂಡದು. ಎತ್ತರದ ಹುಡುಗ ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿದ ತಕ್ಷಣ ಚೆಂಡನ್ನು ಸೊಂಟದ ಮಟ್ಟಕ್ಕೆ ತರುತ್ತಾನೆ, ಅಲ್ಲಿ ಕುಳ್ಳ ಗಾರ್ಡ್ ಬಂದು ತಟ್ಟಿಕೊಂಡು ಹೋಗುತ್ತಾನೆ. ನಾನು ಕಾಲೇಜಿನಲ್ಲಿ ಬದುಕಿದ್ದೇ ಈ ಕಳ್ಳತನದಿಂದ, ಅದಕ್ಕೇ ಅದರ ಮೇಲೆ ನನ್ನ ಕಣ್ಣು ಜಾಸ್ತಿ. ಕೈ ಮೃದುವಾಗಲಿ ಅಂತ ಗೋಡೆಗೆ ಟೆನಿಸ್ ಚೆಂಡು ಎಸೆದು ಒಂದೇ ಕೈಯಲ್ಲಿ ಹಿಡಿಸುತ್ತೇನೆ. ಪಾದಕ್ಕೆ ಹಗ್ಗದಾಟ. ಇಷ್ಟಕ್ಕೇ ಒಂದು ಇಡೀ ಚಳಿಗಾಲ ಹೋಗುತ್ತದೆ.

ಅವನಲ್ಲಿ ಕೊರತೆ ಇರಲಿಲ್ಲವೇ? ಇತ್ತು, ಅದನ್ನೂ ಮುಚ್ಚಿಡದೆ ತೋರಿಸಿದೆ. ಒಟ್ಟು ವೃತ್ತಿಜೀವನದಲ್ಲಿ ಪಂದ್ಯಕ್ಕೆ 14.8 ಪಾಯಿಂಟ್, ಆದರೆ ರಿಬೌಂಡ್ 6.1 ಮಾತ್ರ. ಅಷ್ಟು ಎತ್ತರದವನಿಗೆ ಇದು ಕಡಿಮೆಯೇ. ಡೆನ್ ಹೆಲ್ಡರ್‌ನಲ್ಲಿ ಹುಟ್ಟಿದ ಇನ್ನೊಬ್ಬ ಡಚ್ಚನಿದ್ದಾನೆ, ಸ್ವೆನ್ ನೇಟರ್. ಸ್ಮಿಟ್ಸ್‌ಗಿಂತ ಗೇಣುದ್ದ ಇಲ್ಲದಿದ್ದರೂ ನಾಲ್ಕೈದು ಅಂಗುಲ ಕುಳ್ಳ. ಅವನು 1979-80ರಲ್ಲಿ ಪಂದ್ಯಕ್ಕೆ 15 ರಿಬೌಂಡ್ ಹಿಡಿದು ಇಡೀ ಎನ್‌ಬಿಎಗೆ ಮೊದಲಿಗನಾದ. ರಿಬೌಂಡ್‌ಗೆ ಬೇಕಾದದ್ದು ಎದುರಾಳಿಯನ್ನು ಬೆನ್ನಿನಲ್ಲಿ ತಡೆದು ಜಾಗ ಹಿಡಿಯುವ ಹಟ. ಅದನ್ನು ಕಲಿಸುವಾಗ ಮಾತ್ರ ಸ್ಮಿಟ್ಸ್‌ನ ವಿಡಿಯೊ ಮುಚ್ಚಿಡುತ್ತೇನೆ.

ಫೌಲಿನ ಪಾಠಕ್ಕೆ ಮತ್ತೆ ಅವನೇ ಬೇಕು. ಎರಡನೆಯ ಸೀಸನ್ನಿನಲ್ಲಿ, 1989-90ರಲ್ಲಿ, ಅವನು ಮಾಡಿದ ಫೌಲು 328. ಆ ವರ್ಷ ಲೀಗಿನಲ್ಲಿ ಅವನಷ್ಟು ಫೌಲ್ ಮಾಡಿದವರು ಬೇರೆ ಇಲ್ಲ. ಎತ್ತರದವನ ಕೈ ತಾನಾಗಿಯೇ ಕೆಳಗೆ ಬೀಸುತ್ತದೆ, ರೆಫರಿಯ ಸೀಟಿ ತಾನಾಗಿಯೇ ಊದುತ್ತದೆ. ಎನ್‌ಬಿಎಯಲ್ಲಿ ಆರು ಫೌಲಿಗೆ ಆಚೆ, ನಮ್ಮಲ್ಲಿ ಐದಕ್ಕೇ. ನಿಯಮದ ಪ್ರಕಾರ ಆಟಗಾರ ನಿಂತ ಜಾಗದಿಂದ ನೆಟ್ಟಗೆ ಮೇಲಕ್ಕಿರುವ ಜಾಗವೂ ಅವನದೇ. ಕೈ ಎರಡೂ ನೆಟ್ಟಗಿದ್ದು, ನೇರ ಮೇಲಕ್ಕೆ ಹಾರಿ, ಎದುರಾಳಿ ತಾನೇ ಬಂದು ಬಡಿದರೆ ಅದು ಇವನ ಫೌಲಲ್ಲ. ಹುಡುಗರನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಮೊಣಕೈ ಕಿವಿಗೆ ತಾಗಿಸಿ, ಹಾಗೇ ಹಾರಿಸುತ್ತೇನೆ. ಇನ್ನೊಬ್ಬ ಚೆಂಡು ಹಿಡಿದು ಎದೆಗೆ ಗುದ್ದಿಕೊಂಡು ಬರುತ್ತಾನೆ. ಕೈ ಒಂದು ಗೇಣು ಮುಂದೆ ಬಾಗಿದರೂ ಸೀಟಿ. ಈ ಅಭ್ಯಾಸ ಯಾರಿಗೂ ಇಷ್ಟವಿಲ್ಲ. ಆದರೆ ನಮ್ಮ ಉದ್ದನೆಯವರು ಕೊನೆಯ ಕ್ವಾರ್ಟರ್‌ನಲ್ಲೂ ಕೋರ್ಟಿನಲ್ಲಿ ಉಳಿಯತೊಡಗಿದ್ದು ಇದರಿಂದಲೇ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1995ರ ಮೇ 29, ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ (ಎನ್‌ಬಿಎಯ ಪೂರ್ವ ವಿಭಾಗದ ಅಂತಿಮ ಸರಣಿ) ನಾಲ್ಕನೆಯ ಪಂದ್ಯ, ಇಂಡಿಯಾನಾಪೊಲಿಸ್, ಎದುರಾಳಿ ಒರ್ಲಾಂಡೊ. ಕೊನೆಯ 13 ಸೆಕೆಂಡುಗಳಲ್ಲಿ ಮುನ್ನಡೆ ನಾಲ್ಕು ಸಲ ಕೈ ಬದಲಾಯಿತು. ಒರ್ಲಾಂಡೊದ ಬ್ರಯನ್ ಶಾ ಮೂರು ಪಾಯಿಂಟಿನ ಶಾಟ್ ಹಾಕಿದ, ಪೇಸರ್ಸ್‌ನ ರೆಜಿ ಮಿಲ್ಲರ್ ಉತ್ತರ ಕೊಟ್ಟ, ಒರ್ಲಾಂಡೊದ ಪೆನ್ನಿ ಹಾರ್ಡವೇ ಮತ್ತೊಂದು ಹಾಕಿದ. ಗಡಿಯಾರದಲ್ಲಿ ಉಳಿದದ್ದು 1.3 ಸೆಕೆಂಡು, ಪೇಸರ್ಸ್ ಒಂದು ಪಾಯಿಂಟ್ ಹಿಂದೆ. ಚೆಂಡು ಸ್ಮಿಟ್ಸ್‌ನ ಕೈಗೆ ಬಂತು. ಅವನ ಮೇಲೆ ಕಾವಲಿದ್ದವನು ಟ್ರೀ ರಾಲಿನ್ಸ್, ಎದುರಾಳಿಗಳ ಶಾಟ್ ತಡೆದೇ ಹೆಸರು ಗಳಿಸಿದ ಹಳೆಯ ಹುಲಿ. ಬೇರೆ ಯಾರಾದರೂ ಆಗಿದ್ದರೆ ಹಿಡಿದ ಕೂಡಲೇ ಎಸೆದುಬಿಡುತ್ತಿದ್ದರು. ಸ್ಮಿಟ್ಸ್ ಪಂಪ್ ಫೇಕ್ ಮಾಡಿದ. ಎಸೆಯುವಂತೆ ಚೆಂಡು ಎತ್ತಿ ತಡೆದ, ರಾಲಿನ್ಸ್ ಗಾಳಿಗೆ ಹೋದ, ಆಮೇಲೆ ಶಾಟ್. 94-93.

ಈ ತುಣುಕನ್ನು ಹುಡುಗರಿಗೆ ತೋರಿಸಿ, ಗಡಿಯಾರಕ್ಕೆ 1.3 ಸೆಕೆಂಡ್ ಹಾಕಿ ಅದನ್ನೇ ಮಾಡಿಸಿದೆ. ಮೊದಮೊದಲು ಒಬ್ಬನೂ ಫೇಕ್ ಮಾಡಲಿಲ್ಲ, ಎಲ್ಲರಿಗೂ ಅವಸರ. ಗಡಿಯಾರ ಶುರುವಾಗುವುದು ಪಾಸ್ ಕೊಟ್ಟಾಗ ಅಲ್ಲ, ಕೋರ್ಟಿನೊಳಗಿನವನು ಚೆಂಡು ಮುಟ್ಟಿದಾಗ ಅಂತ ಬಿಡಿಸಿ ಹೇಳಬೇಕಾಯಿತು. 0.3 ಸೆಕೆಂಡು ಉಳಿದಿದ್ದರೂ ಹಿಡಿದು ಎಸೆಯಲು ನಿಯಮ ಬಿಡುತ್ತದೆ. ಹಾಗಿರುವಾಗ 1.3 ಅಂದರೆ ಧಾರಾಳ. ಫೇಕ್ ಕೆಲಸ ಮಾಡುವುದು ಚೆಂಡಿನಿಂದಲ್ಲ, ಕಣ್ಣಿನಿಂದ. ಕಣ್ಣು ರಿಂಗಿಗೆ ಹೋಗಬೇಕು, ಚೆಂಡು ಹಣೆಯವರೆಗೆ ಬರಬೇಕು, ಮಂಡಿ ಮಾತ್ರ ಬಾಗಿಯೇ ಇರಬೇಕು. ಮಂಡಿ ನೆಟ್ಟಗಾದರೆ ಮತ್ತೆ ಹಾರಲು ಬಲವಿರುವುದಿಲ್ಲ. ನೆಟ್ಟ ಪಾದ ಕಿತ್ತು, ಚೆಂಡು ಬಿಡುವ ಮೊದಲೇ ಮತ್ತೆ ನೆಲಕ್ಕಿಟ್ಟರೆ ಟ್ರಾವೆಲಿಂಗ್, ಅಂದರೆ ಹೆಜ್ಜೆಯ ತಪ್ಪು. ಒಬ್ಬ ಹುಡುಗ ಇದನ್ನು ಎಷ್ಟು ಹಚ್ಚಿಕೊಂಡನೆಂದರೆ ಎದುರಿಗೆ ಯಾರೂ ಇಲ್ಲದಾಗಲೂ ಫೇಕ್ ಮಾಡುತ್ತಾನೆ. ಬೈದರೆ ನಗುತ್ತಾನೆ. (ಆ ಸರಣಿಯನ್ನು ಕೊನೆಗೆ ಏಳನೆಯ ಪಂದ್ಯದಲ್ಲಿ ಒರ್ಲಾಂಡೊ ಗೆದ್ದಿತು. ಅದನ್ನು ಹುಡುಗರೇ ಹುಡುಕಿ ನನಗೆ ಹೇಳಿದರು, ತುಸು ವ್ಯಂಗ್ಯವಾಗಿಯೇ.)

ಸ್ಮಿಟ್ಸ್ ಆಲ್ ಸ್ಟಾರ್ (ಲೀಗಿನ ಆಯ್ದ ಆಟಗಾರರ ಪಂದ್ಯಕ್ಕೆ ಆಯ್ಕೆ) ಆದದ್ದು ಒಂದೇ ಸಲ, 1998ರಲ್ಲಿ. ಆಗ ಪೇಸರ್ಸ್‌ನ ಕೋಚ್ ಆಗಿದ್ದವನು ಲ್ಯಾರಿ ಬರ್ಡ್. 2000ದಲ್ಲಿ ಪೇಸರ್ಸ್ ಎನ್‌ಬಿಎ ಫೈನಲ್ ತಲುಪಿ ಲೇಕರ್ಸ್‌ಗೆ 4-2ರಿಂದ ಸೋತಿತು, ಅಲ್ಲಿಗೆ ಸ್ಮಿಟ್ಸ್ ಆಟ ಬಿಟ್ಟ. ವಯಸ್ಸು 33. ಪಾದದ ನರಗಳ ತೊಂದರೆ ವರ್ಷಗಳಿಂದ ಕಾಡುತ್ತಿತ್ತು. ಈಗ ಅವನಿಗೆ ಹಳೆಯ ಕಾಲದ ಮೋಟೊಕ್ರಾಸ್ ಬೈಕುಗಳ ಹುಚ್ಚು. ಆ ಮೈಯನ್ನು ಆ ಬೈಕಿನ ಮೇಲೆ ಕಂಡರೆ ಬೈಕಿಗೇ ಕನಿಕರ ಹುಟ್ಟುತ್ತದೆ.

ಪಾದದ ವಿಷಯದಲ್ಲಿ ನಾನು ಹಟಮಾರಿಯಾದದ್ದು ಇದನ್ನೆಲ್ಲ ಓದಿಯೇ. ಬೆಳೆಯುವ ಹುಡುಗನ ಪಾದ ಅಮ್ಮನ ಲೆಕ್ಕಕ್ಕಿಂತ ಬೇಗ ಬೆಳೆಯುತ್ತದೆ. ಎರಡು ತಿಂಗಳಿಗೊಮ್ಮೆ ಅಭ್ಯಾಸ ಮುಗಿದ ಮೇಲೆ, ಪಾದ ಸ್ವಲ್ಪ ಊದಿರುವಾಗಲೇ, ನಿಲ್ಲಿಸಿ ಕಾಗದದ ಮೇಲೆ ಗುರುತು ಹಾಕುತ್ತೇನೆ. ಶೂವಿನ ಮುಂದೆ ಹೆಬ್ಬೆರಳಗಲ ಜಾಗ ಬೇಕು. ಹಿಮ್ಮಡಿ ಅಥವಾ ಮಂಡಿಚಿಪ್ಪಿನ ಕೆಳಗೆ ನೋವು ಅಂದವನಿಗೆ ಅಂದು ಹಾರುವ ಕೆಲಸವಿಲ್ಲ, ನಿಂತಲ್ಲೇ ಫ್ರೀ ಥ್ರೋ. ವಾರ ಕಳೆದರೂ ನೋವು ಉಳಿದರೆ ಫಿಸಿಯೊ ಹತ್ತಿರ ಕಳಿಸುತ್ತೇನೆ. ಈ ದೇಶದಲ್ಲಿ ಅದಕ್ಕೆ ಮನೆವೈದ್ಯರ ಚೀಟಿ ಬೇಕಿಲ್ಲ. ನಮ್ಮ ಕನ್ನಡದ ಅಮ್ಮ ಒಬ್ಬರು, “ಅಣ್ಣಾ, ದೊಡ್ಡ ಸೈಜೇ ತಂದುಬಿಡ್ತೀನಿ, ಎರಡು ವರ್ಷ ಬರಲಿ” ಅಂದರು. ಸಡಿಲ ಶೂ ಒಳಗೆ ಪಾದ ಜಾರಿ ಕಣಕಾಲು ಹೊರಳುತ್ತೆ ಅಂತ ಹೇಳಿ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು.

ಈಗಿನ ತಕರಾರು ಬೇರೆ. ಆಮ್‌ಸ್ಟರ್‌ಡ್ಯಾಮಿನ ಕ್ವಿಂಟೆನ್ ಪೋಸ್ಟ್ 2024ರ ಡ್ರಾಫ್ಟಿನಲ್ಲಿ 52ನೆಯ ಆಯ್ಕೆಯಾಗಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದ ಮೇಲೆ ನನ್ನ ಉದ್ದನೆಯವರಿಗೆ ರಿಂಗಿನ ಹತ್ತಿರ ನಿಲ್ಲುವುದೇ ಬೇಡವಾಗಿದೆ. ಏಳಡಿ ಎತ್ತರದವನು ಮೂರು ಪಾಯಿಂಟಿನ ಗೆರೆಯಾಚೆ ನಿಂತು ಎಸೆಯುತ್ತಾನೆ, ನಾವೇಕೆ ಬೆನ್ನು ಹಾಕಿ ಗುದ್ದಾಡಬೇಕು ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಕೊನೆಗೆ ಒಂದು ಒಪ್ಪಂದವಾಗಿದೆ: ಅಭ್ಯಾಸದ ಕೊನೆಯ ಕಾಲು ಗಂಟೆ ಗೆರೆಯಾಚೆಯ ಶಾಟಿಗೆ, ಆದರೆ ಮೈಕನ್ ಡ್ರಿಲ್ಲಿನಲ್ಲಿ ಎಡಗೈಯ ಹತ್ತು ಸಾಲಾಗಿ ಹಾಕಿದವನಿಗೆ ಮಾತ್ರ. ಸದ್ಯಕ್ಕೆ ಇಬ್ಬರು ಆ ಗೆರೆ ತಲುಪಿದ್ದಾರೆ. ಮೂರನೆಯವನು ಎಂಟಕ್ಕೆ ನಿಂತು, ಒಂಬತ್ತನೆಯದಕ್ಕೆ ಫೇಕ್ ಮಾಡುತ್ತಾನೆ.