ವೆಬ್‌ಸೈಟ್‌ನ ಹಳೇ ಪುಟಗಳಲ್ಲಿ ಯಾವುದನ್ನು ಮೊದಲು ತಿದ್ದಬೇಕು?

ನೂರಾರು ಪುಟ ಇದ್ದಾಗ ಒಂದು ಕಡೆಯಿಂದ ತಿದ್ದುತ್ತಾ ಕೂತರೆ ಮುಗಿಯೋ ಕೆಲಸವಲ್ಲ. ಮೊದಲು ಗೂಗಲ್ ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ನಿಮ್ಮ ಪುಟಗಳ ಸ್ಥಿತಿ ತೋರಿಸೋ ಟೂಲ್) ತೆಗೀರಿ, ಅಲ್ಲಿ 16 ತಿಂಗಳ ಲೆಕ್ಕ ಸಿಗುತ್ತೆ. ಕಳೆದ 3 ತಿಂಗಳನ್ನು ಹಿಂದಿನ ವರ್ಷದ ಅದೇ 3 ತಿಂಗಳ ಜೊತೆ ಹೋಲಿಸಿ. ಹೋದ ತಿಂಗಳ ಜೊತೆ ಬೇಡ, ಸೀಸನ್ ಏರಿಳಿತ ದಾರಿ ತಪ್ಪಿಸುತ್ತೆ.

ಕ್ಲಿಕ್ ಕುಸಿದ ಪುಟ ಸಿಕ್ಕಿದರೆ ಅದನ್ನು ಒತ್ತಿ, ಜನ ಯಾವ ಪದ ಹುಡುಕಿ ಬಂದಿದ್ದಾರೆ ನೋಡಿ. ನನಗಂತೂ ಮಜಾ ಇರೋದೇ ಇಲ್ಲಿ. ‘ಪಾಸ್‌ವರ್ಡ್ ಬದಲಿಸುವುದು ಹೇಗೆ’ ಅಂತ ನಾನೊಂದು ಪುಟ ಬರೆದಿದ್ದೆ. ಇಂಪ್ರೆಷನ್ (ಹುಡುಕಿದವರಿಗೆ ಪುಟ ಕಾಣಿಸಿದ ಲೆಕ್ಕ) ಬೇಕಾದಷ್ಟು, ಕ್ಲಿಕ್ ಮಾತ್ರ ಇಲ್ಲ. ನೋಡಿದರೆ ಜನ ಹುಡುಕ್ತಿದ್ದದ್ದು ‘ಪಾಸ್‌ವರ್ಡ್ ಮರೆತರೆ’ ಅಂತ! ಅದಕ್ಕೆ ಉತ್ತರ ಪುಟದ ತಳದಲ್ಲಿ ಒಂದೇ ಸಾಲು. ಅದನ್ನು ಮೇಲಕ್ಕೆ ತಂದು, ಹಂತಹಂತವಾಗಿ ಬಿಡಿಸಿ ಬರೆದು, ಶೀರ್ಷಿಕೆಯಲ್ಲೂ ಸೇರಿಸಿದೆ.

ಹುಡುಕಾಟದ ಪಟ್ಟಿಯಲ್ಲಿ ಪುಟದ ಸ್ಥಾನ ಮೊದಲಿನಷ್ಟೇ ಇದ್ದು ಕ್ಲಿಕ್ ಬಿದ್ದಿದ್ದರೆ ಶೀರ್ಷಿಕೆ, ವಿವರಣೆ ಸಾಲು ಮಾತ್ರ ಬದಲಿಸಿ ನೋಡಿ. ಸರಾಸರಿ ಸ್ಥಾನ 8ರಿಂದ 15ರ ಆಸುಪಾಸಿನಲ್ಲಿರುವ ಪುಟಗಳಿಗೇ ನಾನು ಹೆಚ್ಚು ಹೊತ್ತು ಕೊಡೋದು.

ಸೈಟಿಗೆ ಬಂದವರ ಲೆಕ್ಕ ಇಡೋ ಗೂಗಲ್ ಅನಲಿಟಿಕ್ಸ್‌ನ ಎಂಗೇಜ್‌ಮೆಂಟ್ ಅಂಕಿ ನೋಡುವಾಗ ಹುಷಾರು. ಅದರ ಈಗಿನ ಆವೃತ್ತಿ ಜಿಎ4ರಲ್ಲಿ ಒಂದು ಭೇಟಿ 10 ಸೆಕೆಂಡ್ ದಾಟಿದರೂ ಸಾಕು, ಅದು ‘ಎಂಗೇಜ್ಡ್’ (ಗಮನ ಕೊಟ್ಟ) ಸೆಷನ್. ಫೋನ್ ನಂಬರ್ ಹುಡುಕಿ ಬಂದವರು ಅಷ್ಟರೊಳಗೇ ಸಿಕ್ಕಿತು ಅಂತ ಹೊರಟಿರಬಹುದು, ಅದು ಪುಟದ ತಪ್ಪಲ್ಲ.

ತಿದ್ದಿದ ದಿನಾಂಕವನ್ನು ಶೀಟ್‌ನಲ್ಲಿ ಬರೆದಿಟ್ಟು ಒಂದೂವರೆ ತಿಂಗಳು ಬಿಟ್ಟು ಫಲಿತಾಂಶ ನೋಡಿ. ಯುಆರ್‌ಎಲ್ (ಪುಟದ ವಿಳಾಸ) ಮುಟ್ಟಬೇಡಿ.